ಜನರ ದುಡ್ಡಿನ ಆನ್‌ಲೈನ್ ಗೇಮ್‌ಗೆ ಯಾವ ಎಂಜಿನ್: ಅನ್‌ರಿಯಲ್, ಯೂನಿಟಿ, ಗೋಡೋ, ಇಲ್ಲಾ ಸ್ವಂತದ್ದೇ?

ಗೇಮ್ ಎಂಜಿನ್ ಎಂದರೆ ಚಿತ್ರ, ಚಲನೆ, ಸದ್ದಿನಂಥ ಮೂಲ ಕೆಲಸಗಳನ್ನು ಸಿದ್ಧವಾಗಿ ಕೊಡುವ ತಂತ್ರಾಂಶ. ಸ್ಟಾರ್ ಸಿಟಿಜನ್ ಎಂಬ ಆನ್‌ಲೈನ್ ಗೇಮ್ 2012ರಲ್ಲಿ ಜನರಿಂದ ಹಣ ಎತ್ತುವಾಗ ಕ್ರೈಟೆಕ್‌ನ ಕ್ರೈಎಂಜಿನ್ ಮೇಲೆ ನಿಂತಿತ್ತು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಲಂಬರ್‌ಯಾರ್ಡ್‌ಗೆ ದಾಟಿತು. ಮರುವರ್ಷ ಕ್ರೈಟೆಕ್ ಕಂಪನಿ ಮೊಕದ್ದಮೆ ಹೂಡಿತು, 2020ರಲ್ಲಿ ರಾಜಿಯಾಯಿತು. 2013ರಲ್ಲಿ 22 ಲಕ್ಷ ಡಾಲರ್ ಎತ್ತಿದ ಕ್ಯಾಮೆಲಾಟ್ ಅನ್‌ಚೈನ್ಡ್ ದೊಡ್ಡ ಯುದ್ಧಗಳಿಗಾಗಿ ಸ್ವಂತ ಎಂಜಿನ್ ಕಟ್ಟಲು ಹೊರಟಿತು. ಹತ್ತು ವರ್ಷ ಕಳೆದರೂ ಪೂರ್ಣ ಬಿಡುಗಡೆ ಆಗಿರಲಿಲ್ಲ. 2015ರಲ್ಲಿ ಹಣ ಎತ್ತಿದ ಕ್ರೋಫಾಲ್ ಯೂನಿಟಿಯಲ್ಲಿ ತಯಾರಾಗಿ 2021ರ ಜುಲೈನಲ್ಲಿ ಹೊರಬಂತು, 2022ರ ನವೆಂಬರ್‌ನಲ್ಲಿ ಅದರ ಸರ್ವರ್‌ಗಳು ನಿಂತವು. ಪ್ಯಾಂಥಿಯನ್ ಕೂಡ ಯೂನಿಟಿಯದೇ: 2014ರ ಜನವರಿಯಲ್ಲಿ ಜನರಿಂದ ಹಣ ಎತ್ತುವ ಕಿಕ್‌ಸ್ಟಾರ್ಟರ್ ತಾಣಕ್ಕೆ ಬಂದ ಆ ಗೇಮ್ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮೊದಲೇ ಆಡಲು ಬಿಡುವ ಹಂತ) ಮುಟ್ಟಿದ್ದು 2024ರ ಡಿಸೆಂಬರ್‌ನಲ್ಲಿ.

ಇದೆಲ್ಲಕ್ಕೂ ಎಂಜಿನ್ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ಆದರೆ ಜನ ಹಾಕಿದ ಹಣ ಒಂದೇ ಸಲ ಬರುತ್ತದೆ, ಅದರ ಮೇಲೆ ಕೊಟ್ಟ ಮಾತು ಮಾತ್ರ ವರ್ಷಗಟ್ಟಲೆ ನಿಲ್ಲುತ್ತದೆ. ಅರ್ಧ ದಾರಿಯಲ್ಲಿ ಎಂಜಿನ್ ಬದಲಿಸುವುದೆಂದರೆ ಆ ಒಂದೇ ಸಲದ ಹಣದಲ್ಲಿ ಎರಡು ಸಲ ಮನೆ ಕಟ್ಟಿದ ಹಾಗೆ. ಅದಕ್ಕೇ ನಮ್ಮ ಒತ್ತು ಒಂದರ ಮೇಲೆ: ಹಣ ಎತ್ತುವ ಅಭಿಯಾನದ ಪುಟದಲ್ಲಿ ಕೊಡುವ ಅತಿ ಕಷ್ಟದ ಮಾತು ಯಾವುದೋ ಅದನ್ನು ಈಗಾಗಲೇ ಬೇರೆ ಯಾರಾದರೂ ಮಾಡಿ ತೋರಿಸಿರುವ ಎಂಜಿನ್ ಹಿಡಿಯಿರಿ. ಬೆಳಕು, ನೆರಳು, ಹುಲ್ಲಿನ ಚಂದ ಆಮೇಲಿನ ಮಾತು.

ಮೊದಲು ಅಳತೆಗೋಲು

ಒಂದನೆಯದು, ಒಂದೇ ಜಾಗದಲ್ಲಿ ಎಷ್ಟು ಜನ ಒಬ್ಬರಿಗೊಬ್ಬರು ಕಾಣಬೇಕು. ಒಟ್ಟು ಎಷ್ಟು ಜನ ಖಾತೆ ತೆರೆಯುತ್ತಾರೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಲೆಕ್ಕ ಹಾಕಿ ನೋಡೋಣ. ಒಬ್ಬ ಆಟಗಾರ ಎಲ್ಲಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದನ್ನು ಬಿಗಿಯಾಗಿ ಮಡಚಿದರೆ ಸುಮಾರು 20 ಬೈಟ್‌ಗೆ ಇಳಿಸಬಹುದು. ಸರ್ವರ್ ಸೆಕೆಂಡಿಗೆ 20 ಸಲ ಸುದ್ದಿ ಕಳಿಸುತ್ತದೆ ಎಂದುಕೊಳ್ಳಿ. 64 ಜನರಿದ್ದರೆ ಪ್ರತಿಯೊಬ್ಬರಿಗೂ ಉಳಿದ 63 ಜನರ ಸುದ್ದಿ: 63 × 20 × 20, ಅಂದರೆ ಸೆಕೆಂಡಿಗೆ ಸುಮಾರು 25 ಕೆಬಿ. ಸರ್ವರ್ ಒಟ್ಟು ಕಳಿಸುವುದು 1.6 ಎಂಬಿ. ಜನರನ್ನು 128ಕ್ಕೆ ಏರಿಸಿದರೆ ಅದು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗಿ 6.5 ಎಂಬಿ ಆಗುತ್ತದೆ. 1,000 ಜನ ಒಂದೇ ಕೋಟೆ ಬಾಗಿಲಲ್ಲಿ ಸೇರಿದರೆ ಸೆಕೆಂಡಿಗೆ 400 ಎಂಬಿ. ಪ್ಯಾಕೆಟ್‌ನ ತಲೆಬರಹದ ಭಾರ ಇನ್ನೂ ಬೇರೆ. ಯಾವ ಎಂಜಿನ್ನಿಗೂ ಈ ಗಣಿತದಿಂದ ತಪ್ಪಿಸಿಕೊಳ್ಳಲು ಆಗದು. ದೂರದವರ ಸುದ್ದಿಯನ್ನು ಅಪರೂಪಕ್ಕೆ ಕಳಿಸುವುದು, ಕಾಣದವರದ್ದನ್ನು ಕಳಿಸದೇ ಇರುವುದು, ಇಷ್ಟೇ ಉಪಾಯ. ಯಾವ ಎಂಜಿನ್ ಇದನ್ನು ತಾನೇ ಮಾಡಿಕೊಡುತ್ತದೆ, ಯಾವುದರಲ್ಲಿ ನೀವೇ ಬರೆಯಬೇಕು ಎಂಬುದೇ ನಿಜವಾದ ವ್ಯತ್ಯಾಸ.

ಇದೇ ಲೆಕ್ಕವನ್ನು ದುಡ್ಡಿಗೆ ತಿರುಗಿಸಿ. 1.6 ಎಂಬಿ ಅಂದರೆ ಗಂಟೆಗೆ ಸುಮಾರು 5.8 ಜಿಬಿ. ತಿಂಗಳಿಡೀ ತುಂಬಿದ ಒಂದು 64 ಜನರ ಸರ್ವರ್ 4,180 ಜಿಬಿ ಹೊರಗೆ ಕಳಿಸುತ್ತದೆ. ದೊಡ್ಡ ಕ್ಲೌಡ್‌ಗಳಲ್ಲಿ ಹೊರಹೋಗುವ ಒಂದು ಜಿಬಿಗೆ 9 ಸೆಂಟ್ ಹಿಡಿದರೂ ಬರೀ ಡೇಟಾಗೆ 376 ಡಾಲರ್. ಅಂಥ ಹತ್ತು ಸರ್ವರ್ ಒಂದು ವರ್ಷ ನಡೆಸಿದರೆ 45,000 ಡಾಲರ್. ತಿಂಗಳ ಬಾಡಿಗೆಗೆ ಇಡೀ ಯಂತ್ರವನ್ನೇ ತೆಗೆದುಕೊಂಡರೆ, ಅದರಲ್ಲಿ ಡೇಟಾ ಸೇರಿಯೇ ಬರುವುದರಿಂದ, ಇದು ತುಂಬಾ ಇಳಿಯುತ್ತದೆ. ಆದರೆ ಜನ ಹೆಚ್ಚಾದಾಗ ಬೇಗ ಹಿಗ್ಗಿಸಲು ಆಗುವುದಿಲ್ಲ.

ಎರಡನೆಯದು, ತೀರ್ಪು ಯಾರದು. ಗುಂಡು ತಾಗಿತೋ ಇಲ್ಲವೋ ಎಂದು ಸರ್ವರ್ ತೀರ್ಮಾನಿಸಬೇಕಾದ ಆಟವಾದರೆ, ಆಟಗಾರನ ಯಂತ್ರ ಉತ್ತರಕ್ಕೆ ಕಾಯದೆ ಮುಂದಿನ ಹೆಜ್ಜೆಯನ್ನು ಊಹಿಸಿ ತೋರಿಸಬೇಕು, ಊಹೆ ತಪ್ಪಿದರೆ ಸದ್ದಿಲ್ಲದೆ ತಿದ್ದಿಕೊಳ್ಳಬೇಕು. ಇದಕ್ಕೆ ಪ್ರಿಡಿಕ್ಷನ್ ಎನ್ನುತ್ತಾರೆ. ಮೊದಲಿನಿಂದ ಬರೆಯುವುದಾದರೆ ಒಬ್ಬ ಅನುಭವಿಗೆ ತಿಂಗಳುಗಳ ಕೆಲಸ. ಸರದಿಯಾಟ, ಕಾರ್ಡ್ ಆಟ, ನಾಲ್ಕು ಜನ ಗೆಳೆಯರು ಸೇರಿ ಆಡುವ ಸಹಕಾರಿ ಆಟಗಳಿಗೆ ಇದು ಬಹುತೇಕ ಬೇಕಾಗುವುದಿಲ್ಲ.

ಮೂರನೆಯದು, ಲೈಸೆನ್ಸ್ ಜನರ ದುಡ್ಡನ್ನು ಹೇಗೆ ನೋಡುತ್ತದೆ. ಇದನ್ನು ಹಲವರು ಗಮನಿಸುವುದೇ ಇಲ್ಲ. ಕೆಳಗೆ ಬಿಡಿಸಿ ಹೇಳಿದ್ದೇವೆ.

ನಾಲ್ಕನೆಯದು, ನಿಮ್ಮ ಕಂಪನಿ ಬಾಗಿಲು ಹಾಕಿದ ದಿನ ಹಣ ಹಾಕಿದವರ ಕೈಯಲ್ಲಿ ಏನು ಉಳಿಯುತ್ತದೆ. ಸರ್ವರ್ ಪ್ರೋಗ್ರಾಮನ್ನು ಅವರಿಗೇ ಕೊಟ್ಟು ಹೋಗಲು ಸಾಧ್ಯವಾದರೆ ಗೇಮ್ ಉಳಿಯುತ್ತದೆ. ಬೇರೆ ಕಂಪನಿಯ ಕ್ಲೌಡ್ ಇಲ್ಲದೆ ಅದು ಏಳುವುದೇ ಇಲ್ಲ ಎಂದಾದರೆ ಸಾಯುತ್ತದೆ. ಎರಡೂವರೆ ಸಾವಿರ ರೂಪಾಯಿ ಮುಂಗಡ ಕೊಟ್ಟು ಮೂರು ವರ್ಷ ಕಾದವನಿಗೆ ಈ ಉತ್ತರ ಮೊದಲೇ ಗೊತ್ತಿರಬೇಕು.

ಐದನೆಯದು, ನಿಮ್ಮ ತಂಡದ ಕೈ ಯಾವುದರಲ್ಲಿ ಪಳಗಿದೆ. ಸಿ ಶಾರ್ಪ್‌ನಲ್ಲಿ ನಾಲ್ಕು ವರ್ಷ ದುಡಿದ ಮೂವರನ್ನು ಸಿ ಪ್ಲಸ್ ಪ್ಲಸ್‌ಗೆ ತಳ್ಳಿದರೆ ಮೊದಲ ಆರು ತಿಂಗಳು ಕಲಿಕೆಗೇ ಹೋಗುತ್ತದೆ. ಆ ಆರು ತಿಂಗಳ ಸಂಬಳ ಜನರ ದುಡ್ಡು.

ಮೂರು ಲಕ್ಷ ಡಾಲರ್ ಬಂದರೆ ಕೈಗೆಷ್ಟು

ಮೊದಲೇ ಒಂದು ಮಾತು: ಕಿಕ್‌ಸ್ಟಾರ್ಟರ್‌ನಲ್ಲಿ ಅಭಿಯಾನ ನಡೆಸಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಬೆಂಗಳೂರಿನ ತಂಡವಾದರೆ ಸಿಂಗಪುರದಲ್ಲೋ ಅಮೆರಿಕದಲ್ಲೋ ಕಂಪನಿ ಅಥವಾ ಪಾಲುದಾರರು ಬೇಕು. ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

6,000 ಜನ ಸೇರಿ 3,00,000 ಡಾಲರ್ ಹಾಕಿದರು ಎನ್ನಿ. ಕಿಕ್‌ಸ್ಟಾರ್ಟರ್ 5 ಶೇಕಡಾ ಹಿಡಿದುಕೊಳ್ಳುತ್ತದೆ: 15,000. ಪಾವತಿ ಶುಲ್ಕ 3 ಶೇಕಡಾ, ಜೊತೆಗೆ ಪ್ರತಿ ಪಾವತಿಗೆ 20 ಸೆಂಟ್: 9,000 ಮತ್ತು 1,200. ಉಳಿಯುವುದು 2,74,800. ಕಾರ್ಡ್ ವಿಫಲವಾಗಿ ಬಾರದೇ ಹೋದ ಹಣ, ಟೀ ಶರ್ಟ್, ಪೋಸ್ಟರ್, ಅಂಚೆ ಖರ್ಚು, ತೆರಿಗೆ ಇದರಲ್ಲೇ ಕಳೆಯಬೇಕು.

ಈಗ ಯೂನಿಟಿ. ಅದರ ಉಚಿತ ಪರ್ಸನಲ್ ಆವೃತ್ತಿಗೆ ಕಳೆದ 12 ತಿಂಗಳಲ್ಲಿ 2,00,000 ಡಾಲರ್ ಮಿತಿ. ಇಲ್ಲಿ ಗೇಮ್ ಮಾರಿ ಬಂದ ಆದಾಯ ಮಾತ್ರವಲ್ಲ, ಎತ್ತಿದ ಹಣವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದು ಪ್ರತಿ ಮಾರುವ ಮೊದಲೇ, ಅಭಿಯಾನ ಗೆದ್ದ ಕೂಡಲೇ, ನೀವು ಪ್ರೋ ಆವೃತ್ತಿಗೆ ಹೋಗಬೇಕಾಗುತ್ತದೆ. 2025ರ ಆರಂಭದ ದರದಲ್ಲಿ ಒಂದು ಸೀಟಿಗೆ ವರ್ಷಕ್ಕೆ 2,200 ಡಾಲರ್. ಐವರಿಗೆ 11,000, ಮೂರು ವರ್ಷಕ್ಕೆ 33,000. ಇಬ್ಬರಿಗೆ ಪ್ರೋ, ಮೂವರಿಗೆ ಪರ್ಸನಲ್ ಎಂದು ಬೆರೆಸುವಂತಿಲ್ಲ.

ಅನ್‌ರಿಯಲ್‌ನ ದಾರಿ ಬೇರೆ. ಸೀಟಿಗೆ ದುಡ್ಡಿಲ್ಲ. ಒಂದು ಗೇಮ್‌ನ ಒಟ್ಟು ಆದಾಯ 10 ಲಕ್ಷ ಡಾಲರ್ ದಾಟಿದ ಮೇಲೆ, ದಾಟಿದ ಭಾಗಕ್ಕೆ 5 ಶೇಕಡಾ ರಾಯಲ್ಟಿ. ಆದರೆ ಆ ಆದಾಯದಲ್ಲಿ ಅಭಿಯಾನದ ಹಣವೂ ಸೇರುತ್ತದೆ, ಗೇಮ್‌ಗೋ ಗೇಮ್ ಒಳಗಿನ ವಸ್ತುಗಳಿಗೋ ಹಕ್ಕು ಕೊಡುವ ಭಾಗ ಎಷ್ಟೋ ಅಷ್ಟು. 20 ಡಾಲರ್‌ಗೆ ಬರೀ ಪೋಸ್ಟರ್ ಕೊಟ್ಟರೆ ಅದು ಸೇರುವುದಿಲ್ಲ. 50 ಡಾಲರ್‌ಗೆ ಅದೇ ಪೋಸ್ಟರ್ ಜೊತೆ ಗೇಮ್ ಕೊಟ್ಟರೆ 30 ಡಾಲರ್ ಸೇರುತ್ತದೆ. ಅದಕ್ಕೇ ಬಹುಮಾನದ ಹಂತಗಳನ್ನು ಬರೆಯುವಾಗ ವಸ್ತುವಿಗೊಂದು, ವಸ್ತು ಮತ್ತು ಗೇಮ್‌ಗೊಂದು ಎಂದು ಬೇರೆ ಬೇರೆ ದರ ಇಡಿ. ಆಮೇಲೆ ಲೆಕ್ಕ ಬಿಡಿಸುವುದು ಸುಲಭ. ಇನ್ನೊಂದು: ರಾಯಲ್ಟಿ ಬೀಳುವುದು ಗ್ರಾಹಕ ಕೊಟ್ಟ ಬೆಲೆಯ ಮೇಲೆ, ಅಂಗಡಿ ತನ್ನ 30 ಶೇಕಡಾ ಕಳೆದು ಕೊಟ್ಟದ್ದರ ಮೇಲಲ್ಲ. ಅನ್‌ರಿಯಲ್ ತಯಾರಿಸುವ ಎಪಿಕ್ ಕಂಪನಿಯ ಸ್ಟೋರ್‌ನಲ್ಲೂ ಅದೇ ದಿನ ಬಿಡುಗಡೆ ಮಾಡಿದರೆ ದರ 3.5 ಶೇಕಡಾಕ್ಕೆ ಇಳಿಯುವ ಯೋಜನೆ 2025ರಿಂದ ಇದೆ.

ಹೋಲಿಸಿ: ಯೂನಿಟಿಯ 33,000 ಡಾಲರ್‌ಗೆ ಸಮನಾಗಲು ಅನ್‌ರಿಯಲ್‌ನಲ್ಲಿ ನಿಮ್ಮ ಒಟ್ಟು ಆದಾಯ 16.6 ಲಕ್ಷ ಡಾಲರ್ ಮುಟ್ಟಬೇಕು. ಅದಕ್ಕಿಂತ ಕಡಿಮೆಯಾದರೆ ಅನ್‌ರಿಯಲ್ ಅಗ್ಗ, ತುಂಬಾ ಗೆದ್ದರೆ ಯೂನಿಟಿ ಅಗ್ಗ. ಮುಖ್ಯ ವಿಷಯ ಕಾಲದ್ದು. ಯೂನಿಟಿಯ ಹಣ ಗೇಮ್ ಹೊರಬರುವ ಮೊದಲೇ, ಜೇಬು ತೆಳ್ಳಗಿರುವಾಗ ಹೋಗುತ್ತದೆ. ಅನ್‌ರಿಯಲ್‌ನದು ಗೆದ್ದ ಮೇಲೆ. ಗೋಡೋಗೆ ಎರಡೂ ಇಲ್ಲ, ಅದು ಎಂಐಟಿ ಲೈಸೆನ್ಸ್‌ನ ಮುಕ್ತ ತಂತ್ರಾಂಶ. ದರಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಅಭಿಯಾನ ತೆರೆಯುವ ವಾರ ಮೂಲ ಒಪ್ಪಂದವನ್ನೇ ಓದಿ, ಅದರ ಪ್ರತಿ ಇಟ್ಟುಕೊಳ್ಳಿ.

ಅನ್‌ರಿಯಲ್: ಓಡುವ, ಗುಂಡು ಹಾರಿಸುವ ಆಟಕ್ಕೆ ಸಿದ್ಧ ಅಡಿಪಾಯ

ಮಲ್ಟಿಪ್ಲೇಯರ್ ಎನ್ನುವುದು ಅನ್‌ರಿಯಲ್‌ನಲ್ಲಿ ಮೇಲಿಂದ ಹಚ್ಚಿದ್ದಲ್ಲ, ಹುಟ್ಟಿನಿಂದ ಬಂದದ್ದು. ನಡೆಯುವ, ಜಿಗಿಯುವ, ಈಜುವ ಪಾತ್ರಕ್ಕೆ ಬೇಕಾದ ಪ್ರಿಡಿಕ್ಷನ್ ಅದರ ಕ್ಯಾರೆಕ್ಟರ್ ಮೂವ್‌ಮೆಂಟ್‌ನಲ್ಲಿ ತಯಾರಾಗಿಯೇ ಇದೆ. ಯಾರಿಗೆ ಯಾರ ಸುದ್ದಿ ಎಂದು ವಿಂಗಡಿಸುವ ರೆಪ್ಲಿಕೇಶನ್ ಗ್ರಾಫ್ ಫೋರ್ಟ್‌ನೈಟ್‌ನ 100 ಜನರ ಪಂದ್ಯಕ್ಕಾಗಿಯೇ ಹುಟ್ಟಿದ್ದು. ಪಬ್‌ಜಿ, ಆರ್ಕ್, ಸೀ ಆಫ್ ಥೀವ್ಸ್ ಎಲ್ಲವೂ ಅನ್‌ರಿಯಲ್ ಮೇಲೆ ನಡೆದಿವೆ. 60ರಿಂದ 100 ಜನರ ಪಂದ್ಯ ನಿಮ್ಮ ಮಾತಾದರೆ, ಅದನ್ನು ಮಾಡಿ ತೋರಿಸಿದವರು ಇಲ್ಲೇ ಹೆಚ್ಚು.

ತುಂಬಾ ವಿಶಾಲ ಜಗತ್ತಿದ್ದರೂ ಅನ್‌ರಿಯಲ್ 5ಕ್ಕೆ ಒಂದು ಅನುಕೂಲ ಇದೆ. 32 ಬಿಟ್ ದಶಾಂಶದಲ್ಲಿ ಸ್ಥಾನ ಬರೆದರೆ ಕೇಂದ್ರದಿಂದ 10 ಕಿಲೋಮೀಟರ್ ದೂರದಲ್ಲಿ ಹೆಜ್ಜೆಯ ಅಳತೆ 1 ಮಿಲಿಮೀಟರ್, 100 ಕಿಲೋಮೀಟರ್‌ನಲ್ಲಿ ಸುಮಾರು 8 ಮಿಲಿಮೀಟರ್. ಆಗ ಕೈಯಲ್ಲಿ ಹಿಡಿದ ಬಂದೂಕು ನಡುಗತೊಡಗುತ್ತದೆ, ಚಕ್ರಗಳು ನೆಲದಲ್ಲಿ ಕುಣಿಯುತ್ತವೆ. ಒಬ್ಬನೇ ಆಡುವ ಗೇಮ್‌ನಲ್ಲಿ ಜಗತ್ತಿನ ಕೇಂದ್ರವನ್ನೇ ಆಟಗಾರನ ಜೊತೆ ಸರಿಸಿ ಬಚಾವಾಗಬಹುದು. ಸರ್ವರ್‌ನಲ್ಲಿ ಒಬ್ಬ ಪೂರ್ವಕ್ಕೆ, ಇನ್ನೊಬ್ಬ ಪಶ್ಚಿಮಕ್ಕೆ 100 ಕಿಲೋಮೀಟರ್ ಹೋದರೆ ಯಾರ ಜೊತೆ ಸರಿಸುತ್ತೀರಿ? ಅನ್‌ರಿಯಲ್ 5 ಸ್ಥಾನಗಳನ್ನು 64 ಬಿಟ್‌ನಲ್ಲೇ ಇಡುತ್ತದೆ. ಗೋಡೋ 4ರಲ್ಲಿ ಎಂಜಿನ್ನನ್ನೇ ಡಬಲ್ ಪ್ರಿಸಿಷನ್ ಆಯ್ಕೆಯೊಂದಿಗೆ ಕಂಪೈಲ್ ಮಾಡಿದರೆ ಸಿಗುತ್ತದೆ. ಯೂನಿಟಿ 32 ಬಿಟ್‌ನಲ್ಲೇ ಇದೆ.

ಕಷ್ಟ ಎಲ್ಲಿ? ಎಪಿಕ್ ಲಾಂಚರ್‌ನಿಂದ ಇಳಿಸಿಕೊಂಡ ಎಂಜಿನ್ನಿನಲ್ಲಿ ಡೆಡಿಕೇಟೆಡ್ ಸರ್ವರ್ (ಆಟಗಾರನಿಲ್ಲದೆ ಸರ್ವರ್ ಆಗಿಯೇ ಓಡುವ ಪ್ರೋಗ್ರಾಮ್) ಬಿಲ್ಡ್ ಆಗುವುದಿಲ್ಲ. ಎಪಿಕ್ ಖಾತೆಗೆ ಗಿಟ್‌ಹಬ್ ಖಾತೆ ಜೋಡಿಸಿ, ಸೋರ್ಸ್ ಕೋಡ್ ಇಳಿಸಿ, ಎಂಜಿನ್ನನ್ನು ನೀವೇ ಕಂಪೈಲ್ ಮಾಡಬೇಕು. 200 ಜಿಬಿಗೂ ಹೆಚ್ಚು ಜಾಗ ಖಾಲಿ ಇಟ್ಟುಕೊಳ್ಳಿ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಪ್ರಾಜೆಕ್ಟಿಗೆ ಸರ್ವರ್ ಟಾರ್ಗೆಟ್ ಫೈಲ್ ಸೇರಿಸಿ, ಎಂಜಿನ್ ಆವೃತ್ತಿಗೆ ಸರಿಯಾಗಿ ಹೊಂದುವ ಲಿನಕ್ಸ್ ಕ್ರಾಸ್ ಕಂಪೈಲ್ ಟೂಲ್‌ಚೈನ್ ಹಾಕಿಕೊಳ್ಳಿ. ಇಲ್ಲಿ ಎಡವುವುದು ಸಾಮಾನ್ಯವಾಗಿ ಹೀಗೆ: ಸರ್ವರ್ ಅನ್ನು ಸೋರ್ಸ್ ಎಂಜಿನ್ನಿನಲ್ಲಿ, ಕ್ಲೈಂಟ್ (ಆಟಗಾರನ ಯಂತ್ರದಲ್ಲಿ ಓಡುವ ಪ್ರೋಗ್ರಾಮ್) ಅನ್ನು ಲಾಂಚರ್ ಎಂಜಿನ್ನಿನಲ್ಲಿ ಬಿಲ್ಡ್ ಮಾಡುತ್ತಾರೆ, ಆವೃತ್ತಿ ಹೊಂದದೆ ಸರ್ವರ್ ಸಂಪರ್ಕವನ್ನೇ ತಿರಸ್ಕರಿಸುತ್ತದೆ. ಎರಡನ್ನೂ ಒಂದೇ ಎಂಜಿನ್ನಿನಿಂದ ಮಾಡಿ. ಒಂದು ಯಂತ್ರದಲ್ಲಿ ಎಂಜಿನ್ ಕಂಪೈಲ್ ಮಾಡಿ, ಅದರ ಇನ್‌ಸ್ಟಾಲ್ಡ್ ಬಿಲ್ಡ್ ತೆಗೆದು ಕಲಾವಿದರಿಗೆಲ್ಲ ಅದನ್ನೇ ಹಂಚಿ.

ಮತ್ತೆ ಎರಡು ಹೊಂಡಗಳಿವೆ. ಪ್ರತಿ ವಸ್ತುವಿನ ಸುದ್ದಿ ಸೆಕೆಂಡಿಗೆ 100 ಸಲ ಹೋಗಬಹುದು ಎಂಬುದು ಆಕ್ಟರ್‌ಗಳ, ಅಂದರೆ ಆಟದೊಳಗಿನ ವಸ್ತುಗಳ, ಮೂಲ ಸೆಟ್ಟಿಂಗ್. ಅಲುಗಾಡದ ಬಾಗಿಲು, ಪೆಟ್ಟಿಗೆಗಳಿಗೂ ಅದೇ ಉಳಿದರೆ ಸರ್ವರ್‌ನ ಸಿಪಿಯು ಹೋಲಿಕೆಯಲ್ಲೇ ಸವೆಯುತ್ತದೆ. ಅವುಗಳಿಗೆ ಡಾರ್ಮನ್ಸಿ ಹಾಕಿ ಮಲಗಿಸಿ. ಎರಡನೆಯದು, ಪ್ರತಿ ಗುಂಡಿಗೂ ರಿಲಯಬಲ್ ಆರ್‌ಪಿಸಿ (ತಲುಪಲೇಬೇಕೆಂದು ಇನ್ನೊಂದು ಯಂತ್ರಕ್ಕೆ ಕಳಿಸುವ ಕರೆ) ಕಳಿಸಿದರೆ ಬಫರ್ ತುಂಬಿ ಆಟಗಾರನ ಸಂಪರ್ಕವೇ ಕಡಿದುಹೋಗುತ್ತದೆ. ಸದ್ದು, ಹೊಗೆ, ಕಿಡಿ ಮುಂತಾದ ಶೃಂಗಾರವೆಲ್ಲ ಅನ್‌ರಿಲಯಬಲ್ ಆಗಿರಲಿ.

ಅನ್‌ರಿಯಲ್‌ನ ಅಸೆಟ್ ಫೈಲ್‌ಗಳು ಬೈನರಿ. ಇಬ್ಬರು ಒಂದೇ ಬ್ಲೂಪ್ರಿಂಟ್ (ಕೋಡ್ ಬದಲು ಚಿತ್ರದಂತೆ ಜೋಡಿಸುವ ಸ್ಕ್ರಿಪ್ಟ್) ತಿದ್ದಿದರೆ ಒಬ್ಬರ ಕೆಲಸ ಹೋದಂತೆಯೇ. ಫೈಲ್ ಬೀಗ ಹಾಕುವ ಪರ್ಫೋರ್ಸ್ ಐದು ಜನರವರೆಗೆ ಉಚಿತ. ಮೊದಲ ದಿನವೇ ಹಾಕಿಕೊಳ್ಳಿ.

ಯೂನಿಟಿ: ಫೋನಿಗೆ ಹತ್ತಿರ, ಆದರೆ ಎರಡು ಸಲ ಆರಿಸಬೇಕು

ಯೂನಿಟಿ ಹಿಡಿದರೆ ನಿರ್ಧಾರ ಅರ್ಧ ಮಾತ್ರ ಮುಗಿದಿರುತ್ತದೆ. ನೆಟ್‌ವರ್ಕಿಂಗ್ ಯಾವುದು ಎಂಬುದು ಉಳಿದರ್ಧ, ಅದೇ ದೊಡ್ಡದು. ಯೂನಿಟಿಯ ಹಳೆಯ ನೆಟ್‌ವರ್ಕಿಂಗ್ ವ್ಯವಸ್ಥೆ ಯುನೆಟ್ ಅನ್ನು 2018ರಲ್ಲಿ ಕೈಬಿಡುವುದಾಗಿ ಘೋಷಿಸಿದಾಗ ಅದರ ಮೇಲೆ ಕಟ್ಟಿದವರು ನಡುನೀರಲ್ಲಿ ನಿಂತರು. ಅಂಥವರಿಗಾಗಿ ಸಮುದಾಯವೇ ಬೆಳೆಸಿದ್ದು ಮಿರರ್. ಇವತ್ತಿನ ಆಯ್ಕೆಗಳು ಹೀಗಿವೆ. ಯೂನಿಟಿಯದೇ ಆದ ನೆಟ್‌ಕೋಡ್ ಫಾರ್ ಗೇಮ್‌ಆಬ್ಜೆಕ್ಟ್ಸ್ ಸಣ್ಣ ಸಹಕಾರಿ ಆಟಕ್ಕೆ ಸಾಕು, ಗುಂಡಿನಾಟಕ್ಕೆ ಬೇಕಾದ ಪೂರ್ಣ ಪ್ರಿಡಿಕ್ಷನ್ ಅದರಲ್ಲಿಲ್ಲ. ನೆಟ್‌ಕೋಡ್ ಫಾರ್ ಎಂಟಿಟೀಸ್‌ನಲ್ಲಿ ಪ್ರಿಡಿಕ್ಷನ್ ಇದೆ, ಆದರೆ ಕೋಡ್ ಬರೆಯುವ ರೀತಿಯನ್ನೇ ಹೊಸದಾಗಿ ಕಲಿಯಬೇಕು. ಫಿಶ್‌ನೆಟ್ ಮತ್ತು ಮಿರರ್ ಉಚಿತ, ಸೋರ್ಸ್ ಕೈಯಲ್ಲಿರುತ್ತದೆ, ಸರ್ವರ್ ಯಾವ ಯಂತ್ರದಲ್ಲಾದರೂ ಓಡುತ್ತದೆ. ಫಿಶ್‌ನೆಟ್‌ನಲ್ಲಿ ಪ್ರಿಡಿಕ್ಷನ್ ಕೂಡ ಇದೆ. ಫೋಟಾನ್ ಫ್ಯೂಷನ್ ಚೊಕ್ಕವಾಗಿದೆ, ಪ್ರಿಡಿಕ್ಷನ್ ಮತ್ತು ಲ್ಯಾಗ್ ಪರಿಹಾರ ಎರಡೂ ಸಿದ್ಧವಿವೆ, ಆದರೆ ಏಕಕಾಲಕ್ಕೆ ಆಡುವವರ ಸಂಖ್ಯೆಗೆ ತಕ್ಕ ಬಾಡಿಗೆ, ಮತ್ತು ಗೇಮ್ ಅವರ ಸೇವೆಗೆ ಕಟ್ಟುಬೀಳುತ್ತದೆ. ನಾಲ್ಕನೆಯ ಅಳತೆಗೋಲನ್ನು ಇಲ್ಲಿ ನೆನೆಯಿರಿ. ಜನರ ದುಡ್ಡಿನ ಗೇಮ್‌ಗೆ ನಮ್ಮ ಒಲವು ಫಿಶ್‌ನೆಟ್ ಅಥವಾ ಮಿರರ್ ಕಡೆಗೆ.

ಆಧಾರ ಬೇಕೆಂದರೆ ರಸ್ಟ್, ವಾಲ್‌ಹೈಮ್, ಅಮಾಂಗ್ ಅಸ್ ಯೂನಿಟಿಯವೇ. ಆಲ್ಬಿಯನ್ ಆನ್‌ಲೈನ್‌ನ ಕ್ಲೈಂಟ್ ಯೂನಿಟಿ, ಆದರೆ ಸರ್ವರ್ ಯೂನಿಟಿಯಲ್ಲ, ಪ್ರತ್ಯೇಕವಾದ ಸಿ ಶಾರ್ಪ್ ಪ್ರೋಗ್ರಾಮ್. ಸಾವಿರಾರು ಜನರ ಒಂದೇ ಜಗತ್ತು ಬೇಕೆನ್ನುವವರು ಈ ದಾರಿಯನ್ನು ಚೆನ್ನಾಗಿ ಗಮನಿಸಬೇಕು. ಸರ್ವರ್ ಹಗುರಾಗುತ್ತದೆ, ಬದಲಿಗೆ ಗೋಡೆಗೆ ಡಿಕ್ಕಿ, ದಾರಿ ಹುಡುಕುವ ನಕ್ಷೆ, ಎಲ್ಲವನ್ನೂ ಸರ್ವರ್‌ಗಾಗಿ ಬೇರೆಯಾಗಿ ರಫ್ತು ಮಾಡಿ ಮತ್ತೊಮ್ಮೆ ಬರೆಯಬೇಕು.

ಭಾರತದಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ. ಅಗ್ಗದ ಆಂಡ್ರಾಯ್ಡ್ ಫೋನ್ ನಿಮ್ಮ ಗುರಿಯಾದರೆ ಸಣ್ಣ ತಂಡಕ್ಕೆ ಯೂನಿಟಿಯೇ ಹಿತ. ಪಬ್‌ಜಿ ಮೊಬೈಲ್ ಅನ್‌ರಿಯಲ್‌ನಲ್ಲೇ ಇದೆಯಲ್ಲ ಎಂದರೆ, ನಿಜ. ಅದರ ಹಿಂದಿನ ತಂಡದ ಗಾತ್ರ ನಿಮ್ಮದಲ್ಲ.

ಯೂನಿಟಿ ಸರ್ವರ್ ಎಡವುವುದು ಗಾರ್ಬೇಜ್ ಕಲೆಕ್ಷನ್‌ನಲ್ಲಿ, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವಾಗ. ಪ್ರತಿ ಟಿಕ್‌ಗೂ (ಸರ್ವರ್‌ನ ಲೆಕ್ಕದ ಒಂದು ಸುತ್ತು) ಹೊಸ ಲಿಸ್ಟ್, ಹೊಸ ಸ್ಟ್ರಿಂಗ್ ಸೃಷ್ಟಿಸುತ್ತಾ ಹೋದರೆ ಐದು ಜನರ ಪರೀಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಐವತ್ತು ಜನರಾದಾಗ ಆಗಾಗ ಇಡೀ ಜಗತ್ತು ಒಂದು ಕ್ಷಣ ನಿಲ್ಲುತ್ತದೆ. ವಸ್ತುಗಳನ್ನು ಮರುಬಳಸುವ ಪೂಲ್ ಪದ್ಧತಿಯನ್ನು ಮೊದಲಿನಿಂದಲೇ ರೂಢಿ ಮಾಡಿಕೊಳ್ಳಿ, ಡೆಡಿಕೇಟೆಡ್ ಸರ್ವರ್ ಟಾರ್ಗೆಟ್‌ನಲ್ಲೇ ಬಿಲ್ಡ್ ಮಾಡಿ.

ನಂಬಿಕೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಎಂದು ಘೋಷಿಸಿತು, ಹತ್ತು ದಿನದಲ್ಲಿ ಸಡಿಲಿಸಿತು, 2024ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಹಿಂತೆಗೆದುಕೊಂಡಿತು. ಅದಕ್ಕೂ ಮೊದಲು 2019ರ ಜನವರಿಯಲ್ಲಿ ಸ್ಪೇಷಿಯಲ್ ಓಎಸ್ ಎಂಬ ಕ್ಲೌಡ್ ಸೇವೆಯ ಜೊತೆ ನಿಯಮಗಳ ಜಗಳವಾದಾಗ ಎರಡನ್ನೂ ನೆಚ್ಚಿಕೊಂಡ ತಂಡಗಳು ದಿನಗಟ್ಟಲೆ ಉಸಿರು ಬಿಗಿಹಿಡಿದಿದ್ದವು. ಆ ಶುಲ್ಕ ಇಂದು ಇಲ್ಲ. ಆದರೂ ನಾಲ್ಕು ವರ್ಷದ ಯೋಜನೆಯ ಅಪಾಯದ ಪಟ್ಟಿಯಲ್ಲಿ ಒಂದು ಸಾಲು ಇದಕ್ಕೆ ಇರಲಿ.

ಗೋಡೋ: ಕಡಿಮೆ ದುಡ್ಡು, ಸ್ಪಷ್ಟ ಮಿತಿ

ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಗೋಡೋ 2023ರ ಮಾರ್ಚ್‌ನ ನಾಲ್ಕನೆಯ ಆವೃತ್ತಿಯಿಂದ ಬಹಳ ಬಲಿತಿದೆ. ಸರ್ವರ್ ಓಡಿಸುವುದು ಇದರಲ್ಲಿ ಸಲೀಸು: ಅದೇ ಪ್ರೋಗ್ರಾಮನ್ನು ಹೆಡ್‌ಲೆಸ್ (ಪರದೆ ಇಲ್ಲದೆ ಓಡುವ) ಆಯ್ಕೆಯೊಂದಿಗೆ ಲಿನಕ್ಸ್ ಯಂತ್ರದಲ್ಲಿ ಎಬ್ಬಿಸಿದರೆ ಆಯಿತು, ಎಂಜಿನ್ ಕಂಪೈಲ್ ಮಾಡುವ ಪಾಡಿಲ್ಲ. ಸೀನ್‌ಗಳು ಪಠ್ಯ ಫೈಲ್‌ಗಳಾದ್ದರಿಂದ ಗಿಟ್ ಸಾಕು. ಲೈಸೆನ್ಸ್ ನಿಮ್ಮದೇ ಆದಂತೆ, ಯಾರೂ ನಾಳೆ ಬಂದು ನಿಯಮ ಬದಲಿಸಲಾರರು; ಹಣ ಹಾಕಿದವರಿಗೆ ಧೈರ್ಯವಾಗಿ ಹೇಳಬಹುದಾದ ಮಾತು ಇದು.

ಮಲ್ಟಿಪ್ಲೇಯರ್ ಸ್ಪಾನರ್ ಮತ್ತು ಸಿಂಕ್ರೊನೈಸರ್ ಎಂಬ ಸಿದ್ಧ ನೋಡ್‌ಗಳಿಂದ (ಗೋಡೋದಲ್ಲಿ ಆಟವನ್ನು ಜೋಡಿಸುವ ಬಿಡಿಭಾಗಗಳು) ಎರಡು ದಿನದಲ್ಲಿ ನಾಲ್ಕು ಜನ ಓಡಾಡುವ ಆಟ ನಿಲ್ಲಿಸಬಹುದು. ಆದರೆ ಪ್ರಿಡಿಕ್ಷನ್ ಎಂಜಿನ್ನಿನೊಳಗೆ ಇಲ್ಲ, ನೆಟ್‌ಫಾಕ್ಸ್‌ನಂಥ ಸಮುದಾಯದ ಆಡ್‌ಆನ್ ಹಾಕಬೇಕು. ಯಾರಿಗೆ ಏನು ಕಾಣಬೇಕೆಂಬ ಸೋಸುವಿಕೆಗೆ ಸಿಂಕ್ರೊನೈಸರ್ ಒಂದು ಕೊಕ್ಕೆ ಕೊಡುತ್ತದೆ, ಲೆಕ್ಕ ನೀವೇ ಬರೆಯಬೇಕು. ಹೊಸಬರು ಇಲ್ಲಿ ದಿನಗಟ್ಟಲೆ ತಲೆಕೆಡಿಸಿಕೊಳ್ಳುವುದು ಎರಡು ಕಡೆ. ಆರ್‌ಪಿಸಿ ತಲುಪಬೇಕಾದರೆ ಸರ್ವರ್ ಮತ್ತು ಕ್ಲೈಂಟ್ ಎರಡರಲ್ಲೂ ನೋಡ್‌ನ ಹಾದಿ ಅಕ್ಷರಶಃ ಒಂದೇ ಇರಬೇಕು, ಸ್ಕ್ರಿಪ್ಟ್‌ನಲ್ಲಿ ಘೋಷಿಸಿದ ಆರ್‌ಪಿಸಿಗಳ ಪಟ್ಟಿಯೂ ಒಂದೇ ಇರಬೇಕು. ಸರ್ವರ್‌ಗೆಂದು ಸ್ಕ್ರಿಪ್ಟ್ ಸಣ್ಣದು ಮಾಡಿ ಎರಡು ಫಂಕ್ಷನ್ ಕಿತ್ತು ಹಾಕಿದರೆ ಚೆಕ್‌ಸಮ್ ತಪ್ಪಿತೆಂಬ ದೋಷ ಬರುತ್ತದೆ. ಇನ್ನೊಂದು, ಎನಿ ಪಿಯರ್ ಎಂದು ಗುರುತಿಸಿದ ಆರ್‌ಪಿಸಿಯನ್ನು ಯಾವ ಆಟಗಾರನಾದರೂ ಕರೆಯಬಹುದು. ಕಳಿಸಿದವನ ಐಡಿ ಪರೀಕ್ಷಿಸದೆ ನಾಣ್ಯ ಕೊಡುವ ಫಂಕ್ಷನ್ ಬರೆದರೆ ಮೊದಲ ವಾರವೇ ಖಜಾನೆ ಖಾಲಿ.

ಕನ್ಸೋಲ್‌ಗಳ ಮಾತನ್ನು ಅಭಿಯಾನದ ಪುಟದಲ್ಲಿ ಬರೆಯುವ ಮೊದಲು ಎರಡು ಸಲ ಯೋಚಿಸಿ: ಗೋಡೋದಲ್ಲಿ ಅದು ಸಿದ್ಧವಾಗಿ ಬರುವುದಿಲ್ಲ, ಸಾಮಾನ್ಯವಾಗಿ ಬೇರೆ ಕಂಪನಿಯ ನೆರವಿನಿಂದ ಪೋರ್ಟ್ ಮಾಡಿಸಬೇಕು.

ಕನ್ನಡದಲ್ಲಿ ಚಾಟ್ ಬೇಕೆ?

ಕನ್ನಡಿಗ ಆಟಗಾರರು ತಮ್ಮ ಹೆಸರನ್ನು ಕನ್ನಡದಲ್ಲೇ ಹಾಕಿಕೊಳ್ಳಲಿ, ಕನ್ನಡದಲ್ಲೇ ಮಾತಾಡಲಿ ಎಂಬ ಆಸೆ ನಿಮಗಿದ್ದರೆ, ಮತ್ತು ಇರಲಿ ಎಂಬುದು ನಮ್ಮ ಆಸೆ, ಇದನ್ನು ಮೊದಲ ದಿನವೇ ಪರೀಕ್ಷಿಸಿ. ‘ಸ್ನೇಹ’, ‘ಸೂರ್ಯ’, ‘ರಾಷ್ಟ್ರ’ ಈ ಮೂರು ಪದ ಸಾಕು. ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ಶೇಪಿಂಗ್ ಇಲ್ಲದ ಕಡೆ ಒತ್ತು ಕೆಳಗೆ ಇಳಿಯುವುದಿಲ್ಲ. ಸ, ಹಲಂತದ ಗುರುತು, ನ ಸಾಲಾಗಿ ನಿಲ್ಲುತ್ತವೆ. ‘ಸೂರ್ಯ’ದಲ್ಲಿ ಯಕಾರದ ಆಚೆ ಬರಬೇಕಾದ ಅರ್ಕಾವೊತ್ತು ಹುಟ್ಟುವುದೇ ಇಲ್ಲ. ಯೂನಿಟಿಯಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋಗೆ ಈ ಶಕ್ತಿ ಇಲ್ಲ. ಮೆನುವಿನ ಪದಗಳನ್ನು ಚಿತ್ರ ಮಾಡಿ ಅಂಟಿಸಿ ದಾಟಬಹುದು, ಆಟಗಾರ ಟೈಪ್ ಮಾಡುವ ಚಾಟ್‌ಗೆ ಅದು ನಡೆಯದು. ಯೂನಿಟಿ 6ರ ಯುಐ ಟೂಲ್‌ಕಿಟ್‌ನಲ್ಲಿ ಅಡ್ವಾನ್ಸ್ಡ್ ಟೆಕ್ಸ್ಟ್ ಜನರೇಟರ್ ಆನ್ ಮಾಡಿದರೆ ಸರಿಯಾಗುತ್ತದೆ. ಅಂದರೆ ಯುಐ ಯಾವುದರಲ್ಲಿ ಕಟ್ಟಬೇಕೆಂಬುದನ್ನು ಆಗಲೇ ತೀರ್ಮಾನಿಸಬೇಕು. ಅನ್‌ರಿಯಲ್ ಮತ್ತು ಗೋಡೋ 4 ಎರಡೂ ಶೇಪಿಂಗ್ ಮಾಡುವ ಹಾರ್ಫ್‌ಬಜ್ ತಂತ್ರಾಂಶ ಬಳಸುವುದರಿಂದ ಸರಿಯಾದ ಕನ್ನಡ ಫಾಂಟ್ ಕೊಟ್ಟರೆ ಒತ್ತಕ್ಷರ ತಾನಾಗಿ ಕೂರುತ್ತದೆ. ಗೋಡೋದಲ್ಲಿ ಗಾತ್ರ ಇಳಿಸಲು ಟೆಕ್ಸ್ಟ್ ಸರ್ವರ್ ಅಡ್ವಾನ್ಸ್ಡ್ ತೆಗೆದು ಫಾಲ್‌ಬ್ಯಾಕ್ ಹಾಕಿದರೆ ಮಾತ್ರ ಕೆಡುತ್ತದೆ.

ಉಳಿದವು

ಓಪನ್ 3ಡಿ ಎಂಜಿನ್ ಲಂಬರ್‌ಯಾರ್ಡ್‌ನ ಉತ್ತರಾಧಿಕಾರಿ, 2021ರಿಂದ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಮುಕ್ತವಾಗಿದೆ. ಆದರೆ ಸಿಕ್ಕಿಬಿದ್ದಾಗ ಕೇಳಲು ಜನ ಕಡಿಮೆ, ಕೆಲಸಕ್ಕೆ ತೆಗೆದುಕೊಳ್ಳಲು ಇನ್ನೂ ಕಡಿಮೆ. ಸ್ವಂತ ಎಂಜಿನ್ ಬೇಡ. 500 ಜನರ ಯುದ್ಧವೇ ನಿಮ್ಮ ಗೇಮ್‌ನ ಜೀವ ಎಂದಾದರೆ ಎಂಜಿನ್ ಬರೆಯುವ ಬದಲು ಸರ್ವರ್ ಮಾತ್ರ ಬರೆದು, ಮುಖಕ್ಕೆ ಯೂನಿಟಿಯನ್ನೋ ಗೋಡೋವನ್ನೋ ಇಡಿ.

ಖಾತೆ, ಪಂದ್ಯಕ್ಕೆ ಜನ ಸೇರಿಸುವುದು, ಗೆಳೆಯರ ಪಟ್ಟಿ, ಡೇಟಾಬೇಸ್ ಇದ್ಯಾವುದೂ ಎಂಜಿನ್ ಒಳಗೇ ಪೂರ್ತಿಯಾಗಿ ಬರುವುದಿಲ್ಲ, ಬೇರೆ ಸೇವೆಯಾಗಿ ಹಾಕಿಕೊಳ್ಳಬೇಕು. ಮುಕ್ತ ತಂತ್ರಾಂಶವಾದ ನಕಾಮಾ ಮೂರೂ ಎಂಜಿನ್‌ಗಳ ಜೊತೆ ಬೆರೆಯುತ್ತದೆ. ಎಪಿಕ್ ಆನ್‌ಲೈನ್ ಸರ್ವಿಸಸ್ ಉಚಿತ, ಮೋಸ ತಡೆಯುವ ಈಸಿ ಆಂಟಿ ಚೀಟ್ ಅದರ ಜೊತೆಗೇ ಬರುತ್ತದೆ, ಅನ್‌ರಿಯಲ್ ಅಲ್ಲದ ಗೇಮ್‌ಗೂ ಸಿಗುತ್ತದೆ.

ನಿಮ್ಮ ಜೇಬಿಗೆ, ನಿಮ್ಮ ಮಾತಿಗೆ

20ರಿಂದ 50 ಸಾವಿರ ಡಾಲರ್, ಇಬ್ಬರು ಮೂವರು, ನಾಲ್ಕರಿಂದ ಹದಿನಾರು ಜನರ ಆಟ: ಗೋಡೋ. ಆಟಗಾರರಲ್ಲೇ ಒಬ್ಬರು ಆತಿಥೇಯರಾಗಲಿ, ಸ್ಟೀಮ್‌ನ ರಿಲೇ ಮೂಲಕ ಜೋಡಿಸಿ. ಸರ್ವರ್ ಖರ್ಚು ಸೊನ್ನೆ. ಆತಿಥೇಯ ಎದ್ದು ಹೋದರೆ ಆಟ ಮುಗಿಯುತ್ತದೆ, ಮೋಸಕ್ಕೂ ದಾರಿ ಇದೆ. ಗೆಳೆಯರ ನಡುವಿನ ಆಟಕ್ಕೆ ಅದು ನಡೆಯುತ್ತದೆ, ಶ್ರೇಯಾಂಕದ ಆಟಕ್ಕೆ ನಡೆಯದು.

ಒಂದೂವರೆಯಿಂದ ಐದು ಲಕ್ಷ ಡಾಲರ್, ಸಿ ಶಾರ್ಪ್ ಬಲ್ಲ ಐದಾರು ಜನ, ಫೋನ್ ಮತ್ತು ಪಿಸಿ ಎರಡೂ, ಪಂದ್ಯಕ್ಕೆ 20ರಿಂದ 50 ಜನ: ಯೂನಿಟಿ, ಫಿಶ್‌ನೆಟ್ ಜೊತೆ. ಅಭಿಯಾನದ ಗುರಿಯಲ್ಲೇ ಪ್ರೋ ಸೀಟುಗಳ ಹಣ ಸೇರಿಸಿ.

ಅದೇ ಹಣ, ಪಿಸಿ ಮಾತ್ರ, ಮೂರನೆಯ ವ್ಯಕ್ತಿ ನೋಟದ ಓಟ ಗುಂಡಿನಾಟ, ತಂಡದಲ್ಲಿ ಸಿ ಪ್ಲಸ್ ಪ್ಲಸ್ ಚೆನ್ನಾಗಿ ಬಲ್ಲವರು ಕನಿಷ್ಠ ಇಬ್ಬರು: ಅನ್‌ರಿಯಲ್. ಬರೀ ಬ್ಲೂಪ್ರಿಂಟ್ ಬಲ್ಲವರೇ ಇದ್ದರೆ 16ಕ್ಕಿಂತ ಹೆಚ್ಚು ಜನರ ಆಟದ ಮಾತು ಕೊಡಬೇಡಿ.

ಇಷ್ಟಾದ ಮೇಲೂ ಎರಡರ ನಡುವೆ ತೂಗಾಡುತ್ತಿದ್ದರೆ, ಅಭಿಯಾನಕ್ಕೆ ಮೊದಲು ಪ್ರತಿ ಎಂಜಿನ್ನಿಗೂ ಒಂದೊಂದು ವಾರ ಕೊಡಿ. ಬಣ್ಣವಿಲ್ಲದ ಒಂದು ಮೈದಾನ, ಒಂದು ಬಾಗಿಲು, ಒಂದು ಬಾಣ, ಓಡುವ ಒಂದು ಗುಳಿಗೆಯಾಕಾರ, ಅಷ್ಟೇ. ಸರ್ವರ್ ಅನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಎರಡು ಕೋರ್‌ನ ಬಾಡಿಗೆ ಲಿನಕ್ಸ್ ಯಂತ್ರದಲ್ಲಿ ಎಬ್ಬಿಸಿ. ಬಾಟ್‌ಗಳನ್ನು (ತಾವಾಗಿ ಆಡುವ ನಕಲಿ ಆಟಗಾರರು) 10, 25, 50, 100 ಎಂದು ಏರಿಸುತ್ತಾ ಹೋಗಿ. ಅವು ಮೈದಾನದ ತುಂಬ ಚೆದುರಿರಬಾರದು, ಎಲ್ಲವೂ ಬಾಗಿಲ ಬಳಿ ಒಂದೇ ಕಡೆ ಸೇರಲಿ. ಆಲ್ಫಾದ ಮೊದಲ ಸಂಜೆ ಹಣ ಹಾಕಿದವರೆಲ್ಲ ಹಾಗೇ ಒಂದೇ ಚೌಕದಲ್ಲಿ ಸೇರುತ್ತಾರೆ. ಕೆಟ್ಟ ನೆಟ್‌ವರ್ಕ್‌ ಅನ್ನು ಅನುಕರಿಸುವ ಲಿನಕ್ಸ್‌ನ ನೆಟ್‌ಎಮ್‌ನಿಂದ 100 ಮಿಲಿಸೆಕೆಂಡ್ ತಡ, 20 ಮಿಲಿಸೆಕೆಂಡ್ ಏರಿಳಿತ, 2 ಶೇಕಡಾ ಪ್ಯಾಕೆಟ್ ನಷ್ಟ ಹಾಕಿ. ಸೆಕೆಂಡಿಗೆ 30 ಟಿಕ್ ಎಂದರೆ ಪ್ರತಿ ಟಿಕ್‌ಗೆ 33 ಮಿಲಿಸೆಕೆಂಡ್ ಅವಕಾಶ. ಸರಾಸರಿ ನೋಡಬೇಡಿ, ನೂರರಲ್ಲಿ ಅತಿ ಕೆಟ್ಟ ಒಂದು ಟಿಕ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡಿ. ಅದು 33 ದಾಟುವ ಮೊದಲು ಎಷ್ಟು ಬಾಟ್‌ಗಳಿದ್ದವೋ ಬರೆದಿಟ್ಟುಕೊಳ್ಳಿ. ಆಯುಧ, ಮಂತ್ರ, ಸಾಕುಪ್ರಾಣಿ, ಮಳೆ ಎಲ್ಲ ಸೇರಿದ ಮೇಲೆ ಆ ಸಂಖ್ಯೆ ಇಳಿದೇ ಇಳಿಯುತ್ತದೆ. ಅಭಿಯಾನದ ಪುಟದಲ್ಲಿ ಅದರ ಅರ್ಧವನ್ನು ಬರೆಯಿರಿ.